ಸ್ಲ್ಯಾಬಿನ ಕೆಳಗೆ ಬಾಣಂತನ

ನಮ್ಮ ಕಡೆ ಒಂದು ಕಾಲದಲ್ಲಿ "ಅವರದು ಸ್ಲ್ಯಾಬಿನ ಮನಿ" ಎಂದರೆ ಅದು ಮನೆಯ ಬಗ್ಗೆ ಆಡಿದ ಮಾತಲ್ಲ, ಮನುಷ್ಯರ ಬಗ್ಗೆ ಆಡಿದ ಮಾತು. ಹೆಣ್ಣು ಕೊಡುವವರು, ತರುವವರು, ಬೀಜ ಗೊಬ್ಬರ ಉದ್ರಿ ಕೊಡುವವರು, ಎಲ್ಲರೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ಮಣ್ಣಿನ ಮಾಳಿಗೆಯವರು ಜಗಲಿಯ ಅಂಚಿಗೆ ಕೂರಬೇಕು, ಸ್ಲ್ಯಾಬಿನವರಿಗೆ ಕುರ್ಚಿ. ಆ ಕುರ್ಚಿಯ ಆಸೆಗೆ ನಮ್ಮಪ್ಪ ಕಟ್ಟಿಸಿದ ಮನೆ ನಮ್ಮಕ್ಕನಿಂದ ಏನು ಕಿತ್ತುಕೊಂಡಿತು ಎಂಬುದನ್ನು ನಾನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೇಳಹೋದರೆ, ಸತ್ತವರನ್ನು ಬೈಯಬಾರದು ಎಂದು ಅವ್ವ ಬಾಯಿ ಮುಚ್ಚಿಸುತ್ತಿದ್ದಳು. ಈಗ ಅವ್ವನೂ ಇಲ್ಲ. ಬೈಯುತ್ತೇನೆ.

ನಮ್ಮೂರು ಕಂಪ್ಲಿಯ ಹತ್ತಿರ, ಕಾಲುವೆಯ ಕೆಳಗಿನ ಊರು. ನಾನು ಚಿಕ್ಕವಳಿದ್ದಾಗ ನಮ್ಮದೂ ಮಾಳಿಗೆ ಮನೆಯೇ. ಚಾಚಿದ ಕೈಯಷ್ಟು ದಪ್ಪದ ಕಲ್ಲುಮಣ್ಣಿನ ಗೋಡೆ, ಬೇವಿನ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು ಹಾಸಿ ಮಣ್ಣು, ಎಲ್ಲಕ್ಕಿಂತ ಮೇಲೆ ಕರ್ಲು. ಕರ್ಲು ಎಂದರೆ ಏನೂ ಬೆಳೆಯದ ಉಪ್ಪುಮಣ್ಣು. ಹೊಲಕ್ಕೆ ಅದು ಮಾರಿ, ಮಾಳಿಗೆಗೆ ದೇವರು. ಮಳೆ ಬಿದ್ದರೆ ಉಬ್ಬಿ ಅಂಟಿಕೊಂಡು ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ವರ್ಷಾ ವರ್ಷಾ ಮುಂಗಾರಿಗೆ ಮುಂಚೆ ಗಾಡಿಯಲ್ಲಿ ತಂದು ಮೇಲೆ ಹರಡಿ ತುಳಿಯುತ್ತಿದ್ದೆವು. ಮಾಳಿಗೆಯ ನಡುವೆ ಗವಾಕ್ಷಿ ಇತ್ತು. ಒಳಗಿನ ಹೊಗೆ, ಶೆಕೆ ಎಲ್ಲ ಅದರಿಂದ ಹೊರಗೆ ಹೋಗುತ್ತಿತ್ತು. ಬಂಡೆಗಳಿರುವ ಸೀಮೆ ನಮ್ಮದು, ಹಗಲು ಕಾದ ಬಂಡೆ ಕೋಳಿ ಕೂಗಿದರೂ ಆರುವುದಿಲ್ಲ. ಆದರೂ ಬೇಸಿಗೆಯ ನಡುಮಧ್ಯಾಹ್ನ ಆ ಮನೆಯ ಒಳಕೋಣೆಯ ನೆಲಕ್ಕೆ ಬೆನ್ನು ಹಚ್ಚಿದರೆ ಕಣ್ಣು ತಾನೇ ಮುಚ್ಚುತ್ತಿತ್ತು.

ಕಾಲುವೆ ಬಂದ ಮೇಲೆ ಗಾಳಿಯೇ ಬದಲಾಯಿತು. ಮೊದಲು ನಮ್ಮದು ಒಣಶೆಕೆ, ಮೈ ಸುಟ್ಟರೂ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತಿತ್ತು. ಎರಡು ಬೆಳೆ ಭತ್ತ ಶುರುವಾಗಿ ಬೇಸಿಗೆಯಲ್ಲೂ ಊರ ಸುತ್ತ ನೀರು ನಿಂತಿತು. ಆಮೇಲೆ ಬಂದದ್ದು ಹಬೆಯ ಶೆಕೆ. ಅತ್ತ ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಬೋಳಿಸುತ್ತಿದ್ದರು, ಮೊದಲಿನಂತೆ ಮಳೆ ಹೊತ್ತಿಗೆ ಬರುವುದಿಲ್ಲ ಎಂದು ಹಿರಿಯರು ಆಗಲೇ ಗೊಣಗುತ್ತಿದ್ದರು. ನಮ್ಮ ಗೋಡೆಗಳು ಬುಡದಿಂದ ತೇವ ಕುಡಿದು ಉದುರತೊಡಗಿದವು. ತೊಲೆಗೆ ಗೆದ್ದಲು ಹತ್ತಿತು. ಒಂದು ಸಲ ದೀಪಾವಳಿ ಮುಗಿದ ಮೇಲೆ ಹೊತ್ತಲ್ಲದ ಹೊತ್ತಿನ ಮಳೆ ಹಿಡಿದುಕೊಂಡಿತು, ಬಿಡಲೇ ಇಲ್ಲ. ಮಾಳಿಗೆ ಸೋರಿತು. ಸೀರೆ ಕಚ್ಚೆ ಕಟ್ಟಿ, ಕರ್ಲಿನ ಪುಟ್ಟಿ ಹೊತ್ತು, ಆ ಮಳೆಯಲ್ಲೇ ಏಣಿ ಹತ್ತಿ ತೂತು ತುಳಿದವಳು ಅವ್ವ. ಇಳಿಯುವಾಗ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ಆದ್ದರಿಂದ ಬರೀ ಅಪ್ಪನನ್ನು ಬೈದರೆ ಸುಳ್ಳಾಗುತ್ತದೆ. ನಮಗೂ ಒಂದು ಸ್ಲ್ಯಾಬು ಹಾಕಿಸಿ ಎಂದು ಮೊದಲು ಅಂದವಳು ಅವ್ವನೇ.

ಅಪ್ಪನಿಗೆ ಅಷ್ಟೇ ಬೇಕಾಗಿತ್ತು. ಆ ವರ್ಷಗಳಲ್ಲಿ ಭತ್ತದ ಸುಗ್ಗಿ ಚೆನ್ನಾಗಿತ್ತು, ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಹೊಸಪೇಟೆಯಿಂದ ಮೇಸ್ತ್ರಿ ಬಂದ, ಸಿಮೆಂಟು ಬಂತು, ಕಬ್ಬಿಣ ಬಂತು. ತೆಳ್ಳನೆಯ ಇಟ್ಟಿಗೆ ಗೋಡೆ ಎದ್ದಿತು. ಗವಾಕ್ಷಿ ಎಲ್ಲಿಡೋಣ ಎಂದು ಅವ್ವ ಕೇಳಿದ್ದಕ್ಕೆ, ಸ್ಲ್ಯಾಬಿಗೆ ತೂತು ಹಾಕಿದರೆ ಅದು ಸ್ಲ್ಯಾಬೇ ಅಲ್ಲ ಎಂದು ಅಪ್ಪ ನಕ್ಕುಬಿಟ್ಟ. ಹಳೆಯ ಮನೆಯಲ್ಲಿ ಹಿತ್ತಲ ಕಡೆಯ ಒಂದು ಅಂಕಣವನ್ನು, ಎರಡು ತೊಲೆಗಳ ನಡುವಿನಷ್ಟು ಜಾಗವನ್ನು, ಮಾತ್ರ ಕೆಡವದೆ ಮಾಳಿಗೆ ಸಮೇತ ಎಮ್ಮೆಗಳಿಗೆ ಬಿಟ್ಟರು. ಮಿಕ್ಕದ್ದು ನೆಲಸಮ.

ಸ್ಲ್ಯಾಬು ಹಾಕಿದ ಮೇಲೆ ಅದು ಬಲಿಯಬೇಕಲ್ಲ, ಮೇಲೆ ಸುತ್ತ ಕಟ್ಟೆ ಕಟ್ಟಿ ದಿನಾ ನೀರು ನಿಲ್ಲಿಸುತ್ತಾರೆ. ನಮ್ಮ ಪಾಲಿನ ಮೋಸ ಶುರುವಾದದ್ದು ಆ ನೀರಿನಿಂದ. ತಲೆಯ ಮೇಲೆ ಕೆರೆ ನಿಂತ ಹಾಗಿತ್ತು. ಕೆಳಗೆ ಕಾಲಿಟ್ಟರೆ ಹಿತವಾದ ತಂಪು. ಅಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಒಳಗೆ ನಿಲ್ಲಿಸಿ, "ಹೆಂಗೈತಿ ನೋಡ್ರಿ, ಹೊಳಿ ದಂಡಿಗೆ ನಿಂತಂಗ ಐತಿಲ್ಲ?" ಎನ್ನುತ್ತಿದ್ದ. ಬಂದವರು ಗೋಡೆಗೆ ಅಂಗೈ ಹಚ್ಚಿ ನೋಡಿ, ಹೌದ್ರೀ ಹೌದು ಎಂದು ತಲೆ ಆಡಿಸುತ್ತಿದ್ದರು. ಸಿಮೆಂಟು ತಂಪು ಎಂದು ಊರಿಗೆ ಊರೇ ನಂಬಿತು. ನೀರು ತಂಪು, ಸಿಮೆಂಟಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಸ್ಲ್ಯಾಬು ನೋಡಿ ಆ ವರ್ಷವೇ ಇನ್ನೂ ಕೆಲವರು ಮಾಳಿಗೆ ಕೆಡವಿದರು. ಅವರ ಮನೆಯ ಹೆಂಗಸರೂ ಆಮೇಲೆ ನಮ್ಮ ಹಾಗೆಯೇ ಬೆಂದರು.

ಕಟ್ಟೆ ಒಡೆದು ಸ್ಲ್ಯಾಬಿನ ನೀರು ಬಿಟ್ಟರು, ಗೃಹಪ್ರವೇಶವಾಯಿತು, ಮಠದ ಅಯ್ಯನವರು ಬಂದು ಹೋದರು. ಶಿವರಾತ್ರಿ ಕಳೆಯಿತು. ಆಮೇಲೆ ಮನೆಯ ನಿಜರೂಪ ಕಂಡಿತು. ಮಧ್ಯಾಹ್ನ ಕಳೆದ ಮೇಲೆ ಸ್ಲ್ಯಾಬು ಕಾದ ಹೆಂಚು, ನಾವು ಅದರ ಕೆಳಗಿನ ರೊಟ್ಟಿ. ಗಂಡಸರಿಗೇನು, ಹಗಲು ಬೇವಿನ ಕಟ್ಟೆ, ರಾತ್ರಿ ಸ್ಲ್ಯಾಬಿನ ಮೇಲೆ ನೀರು ಚಿಮುಕಿಸಿ ಚಾಪೆ. ಹೆಂಗಸರು ಮೇಲೆ ಹೋಗಿ ಮಲಗುವುದು ಮರ್ಯಾದಸ್ಥರ ಮನೆಯ ಲಕ್ಷಣವಲ್ಲ, ಅದರಲ್ಲೂ ದಾರಿಗೆ ಕಾಣುವ ಮನೆ. ಒಲೆಯ ಮುಂದೆ ಕೂತು ಅವ್ವ ಸೆರಗು ಹಿಂಡುತ್ತಿದ್ದಳು. ಸೋರುವುದು ತಪ್ಪಿತಲ್ಲ ಎಂದು ನಾನು ಒಮ್ಮೆ ಚುಚ್ಚಿದೆ. ಮೇಲಿಂದ ಸೋರುವುದು ತಪ್ಪಿ ಮೈಯಿಂದ ಸೋರುವುದು ಬಂತು ಎಂದಳು ಅವ್ವ. ಅಪ್ಪನ ಎದುರಿಗೆ ಮಾತ್ರ ಆಡಲಿಲ್ಲ, ತಾನೇ ಬೇಡಿದ್ದಲ್ಲವೇ.

ನಮ್ಮಕ್ಕನನ್ನು ಸಂಡೂರಿನ ಆಚೆ ಚೋರನೂರಿಗೆ ಕೊಟ್ಟಿತ್ತು. ಮಳೆ ನಂಬಿದ ಸೀಮೆ, ಒಳ್ಳೆಯ ಜನ. ಮದುವೆಯಾಗಿ ಭಾಳ ವರ್ಷವಾದರೂ ಮಡಿಲು ತುಂಬಿರಲಿಲ್ಲ. ಹರಕೆ ಹೊತ್ತಿದ್ದಾಯಿತು, ನಾಟಿ ಔಷಧ ಕುಡಿದಿದ್ದಾಯಿತು. ಗಂಡನಿಗೆ ಇನ್ನೊಂದು ಮದುವೆ ಮಾಡಿ ಎಂದು ಅವರ ಓಣಿಯವರು ಶುರು ಮಾಡಿದ್ದರು. ಅತ್ತೆ ಒಪ್ಪದೆ ತಡೆದಿದ್ದಳು, ಎಷ್ಟು ದಿನ ತಡೆದಾಳು ಎಂಬ ಹೆದರಿಕೆ ಅಕ್ಕನಿಗೆ. ಸ್ಲ್ಯಾಬು ಹಾಕಿದ ಮರುವರ್ಷ ಅವಳಿಗೆ ದಿನ ನಿಂತಿತು. ಆ ಸುದ್ದಿ ಬಂದ ದಿನ ಅವ್ವ ಅತ್ತದ್ದನ್ನು ನಾನು ಮರೆತಿಲ್ಲ.

ಹೆರಿಗೆ ಬಿದ್ದದ್ದು ಯುಗಾದಿ ಕಳೆದ ಮೇಲಿನ ಕಡುಬೇಸಿಗೆಗೆ. ಅಪ್ಪ ಕರೆತರಲು ಹೋದಾಗ ಅತ್ತೆ ಕೈಮುಗಿದು ಹೇಳಿದಳಂತೆ, ನಮ್ಮ ಮಾಳಿಗೆ ಮನೆ ತಣ್ಣಗಿದೆ, ಇಲ್ಲೇ ಆಗಲಿ ಬೀಗರೆ, ಬಿಸಿಲು ಇಳಿದ ಮೇಲೆ ಕರೆದುಕೊಂಡು ಹೋಗಿ ಎಂದು. ಚೊಚ್ಚಲು ತವರಿನದು ಎಂದು ಅಪ್ಪ ಒಪ್ಪಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಸಂಪ್ರದಾಯ ಎನ್ನಬಹುದಿತ್ತು. ಸ್ಲ್ಯಾಬಿನ ಮನೆ ಇಟ್ಟುಕೊಂಡು ಮಗಳ ಬಾಣಂತನವನ್ನು ಮಣ್ಣು ಉದುರುವ ಮನೆಯಲ್ಲಿ ಮಾಡಿಸಲೇ ಎಂದೂ ಅಂದು ಬಂದಿದ್ದ. ಅದನ್ನು ಮನೆಗೆ ಬಂದು ನಗುತ್ತ ನಮಗೂ ಹೇಳಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮಪ್ಪ ಹಿಡಿದ ಕೊಡೆ ಸಿಮೆಂಟಿನದು.

ಕಂಪ್ಲಿಯ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು. ತುಂಬುಗೂದಲು, ದುಂಡು ಕೈಕಾಲು. ಅಕ್ಕ ಅದರ ಮುಖ ನೋಡಿದ್ದೇ ನೋಡಿದ್ದು, ನಾವು ಮಾತಾಡಿಸಿದರೆ ಉತ್ತರವೇ ಇಲ್ಲ. ಮನೆಗೆ ತಂದು ಪಡುವಣ ಮೂಲೆಯ ಸಣ್ಣ ಕೋಣೆಯಲ್ಲಿ ಮಲಗಿಸಿದೆವು.

ಬಾಣಂತನದ ಯಜಮಾನಿಕೆ ಅಜ್ಜಿಯದು, ಅಪ್ಪನ ತಾಯಿಯದು. ಊರಿನ ಎಷ್ಟೋ ಬಾಣಂತಿಯರನ್ನು ಎತ್ತಿ ಕೂರಿಸಿದವಳು, ಅವಳ ಮಾತಿಗೆ ಎದುರಿಲ್ಲ. ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿತಾಟು ಹೊಡೆಸಿದಳು. ಮಂಚದ ಕೆಳಗೆ ಕೆಂಡ ತುಂಬಿದ ಶೆಗಡಿ, ಅದರ ಮೇಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಅಜವಾನದ ಹೊಗೆ. ಅಕ್ಕನ ಕಿವಿಗೆ ಹತ್ತಿ, ತಲೆಗೆ ಬಿಗಿಯಾದ ಬಟ್ಟೆ. ಕೂಸಿಗೆ ತಲೆ ಬೆನ್ನು ಮುಚ್ಚುವ ಕುಂಚಿಗೆ, ಮೇಲೆ ದಪ್ಪ ಕೌದಿ. ನೀರು ಹೆಚ್ಚು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆಂದು ಅಳತೆಯ ನೀರು.

ಇದೆಲ್ಲ ಮೂಢತನ ಎಂದು ಇಂದು ಸುಲಭವಾಗಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಮನೆಯ ಒಳಕೋಣೆಯಲ್ಲಿ, ದಪ್ಪ ಗೋಡೆಯ ನಡುವೆ, ಮಣ್ಣಿನ ತಂಪಿನಲ್ಲಿ ಹಸಿಮೈಯವಳಿಗೆ ನಡುಕ ಹುಟ್ಟುತ್ತಿತ್ತು. ಅಲ್ಲಿ ಶೆಗಡಿ ಬೇಕಾಗಿತ್ತು, ಕೌದಿ ಬೇಕಾಗಿತ್ತು, ಹೊಗೆ ಹೋಗಲು ಮೇಲೆ ಗವಾಕ್ಷಿಯೂ ಇತ್ತು. ಆ ಆಚಾರವೂ ಆ ಮನೆಯೂ ಒಂದಕ್ಕೊಂದು ಹೊಂದಿ ಬೆಳೆದವು. ನಮ್ಮವರು ಮನೆಯನ್ನು ಕೆಡವಿದರು, ಆಚಾರವನ್ನು ಮಾತ್ರ ಹಾಗೆಯೇ ಎತ್ತಿ ತಂದು ಸ್ಲ್ಯಾಬಿನ ಕೆಳಗಿಟ್ಟರು. ಮೇಲೆ ಒಂದು ಬೆಂಕಿ, ಕೆಳಗೆ ಒಂದು ಬೆಂಕಿ, ನಡುವೆ ನಮ್ಮಕ್ಕ ಮತ್ತು ಅವಳ ಕೂಸು.

ಕೂಸು ಅಳತೊಡಗಿತು. ಮೊದಮೊದಲು ಮಧ್ಯಾಹ್ನ ಅಳುತ್ತಿತ್ತು, ಆಮೇಲೆ ಹೊತ್ತುಗೊತ್ತಿಲ್ಲ. ಮೈತುಂಬ ಬೆವರುಸಾಲೆ. ಅಜ್ಜಿ ದೃಷ್ಟಿ ತೆಗೆದಳು, ಮಂತ್ರಿಸಿದ ಅಂತ್ರ ತಂದು ತೋಳಿಗೆ ಕಟ್ಟಿಸಿದಳು. ಅಕ್ಕನ ಎದೆಹಾಲು ಕಡಿಮೆಯಾಗುತ್ತ ಬಂತು. ನೀರೇ ಕೊಡದೆ ಹಾಲು ಎಲ್ಲಿಂದ ಬರಬೇಕು? ಅವ್ವ ಕಿಟಕಿಯ ತಾಟು ಸರಿಸುವಳು, ಅಜ್ಜಿ ಬಂದು ಮುಚ್ಚುವಳು. ಒಂದು ಸಲ ಅಕ್ಕ ನನ್ನ ಕೈ ಹಿಡಿದು, "ನೀರು ಕೊಡವಾ, ಅಜ್ಜಿಗೆ ಹೇಳಬ್ಯಾಡ" ಎಂದಳು. ತುಟಿಗಳು ಒಡೆದು ಬಿಳಿಚಿಕೊಂಡಿದ್ದವು. ನಾನು ಕದ್ದು ಕೊಟ್ಟೆ. ಅಂದಿನಿಂದ ದಿನಾ ಕದ್ದು ಕೊಡುತ್ತಿದ್ದೆ, ಅದು ಸಾಲುತ್ತಿರಲಿಲ್ಲ.

ಎಮ್ಮೆಗಳ ಸಗಣಿ ಬಳಿಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ಆ ಉಳಿದ ಅಂಕಣದೊಳಗೆ ಕಾಲಿಟ್ಟಾಗ ಬೆನ್ನ ಬೆವರು ತಣ್ಣಗಾಯಿತು. ಎಮ್ಮೆಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದವು. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಹೋಗಿ ಅವ್ವನ ಕೈ ಹಿಡಿದು ಎಳೆದುಕೊಂಡು ಬಂದು ಒಳಗೆ ನಿಲ್ಲಿಸಿದೆ. ಅವಳು ಎಮ್ಮೆಗಳನ್ನು ಬಿಚ್ಚಿ ಬೇವಿನ ನೆರಳಿಗೆ ಕಟ್ಟಿದಳು. ಮೂಲೆಯನ್ನು ತೊಳೆದು, ಸಾರಿಸಿ, ಸುಣ್ಣದ ನೀರು ಚಿಮುಕಿಸಿ, ಮಂಚ ಹಾಕಿದಳು. ಅಜ್ಜಿ ಮಲಗಿದ ಹೊತ್ತು ನೋಡಿ ಅಕ್ಕನನ್ನೂ ಕೂಸನ್ನೂ ಅಲ್ಲಿಗೆ ಒಯ್ದೆವು. ಅಕ್ಕನಿಗೆ ಚೊಂಬು ತುಂಬ ನೀರು ಕೊಟ್ಟೆವು. ಕೂಸಿನ ಕುಂಚಿಗೆ ಬಿಚ್ಚಿದೆವು. ಅದು ಸ್ವಲ್ಪ ಹೊತ್ತು ಬಿಕ್ಕಿತು, ಹಾಲು ಕುಡಿಯಿತು, ಮಲಗಿತು. ಎಷ್ಟು ಹೊತ್ತು ಮಲಗಿತೆಂದರೆ ಅಕ್ಕ ಹೆದರಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ ನಕ್ಕಳು.

ಪಕ್ಕದ ಮನೆಯಾಕೆ ಹಿತ್ತಲಿನಿಂದ ಕಂಡಳು. ಸಂಜೆಗೆ ಸುದ್ದಿ ಬೇವಿನ ಕಟ್ಟೆಗೆ ಮುಟ್ಟಿತು. ಅಪ್ಪ ಬಂದವನೇ ಹಿತ್ತಲಿನಲ್ಲಿ ನಿಂತ. ಕೂಗಾಡಲಿಲ್ಲ, ಅವನ ದನಿ ಯಾವಾಗಲೂ ಸಣ್ಣದು.

"ನಾಳಿಗೆ ತೊಟ್ಟಿಲಕ್ಕ ಬೀಗರು ಬರ್ತಾರ. ಮಗಳ್ನ ಎಮ್ಮಿ ಕೊಟ್ಟಿಗ್ಯಾಗ ಹಾಕ್ಯಾರ ಅಂದ್ರ ನಾ ಮುಖ ಎಲ್ಲಿಟ್ಟುಕೊಳ್ಳಲಿ? ಈ ಸ್ಲ್ಯಾಬ್ ಯಾರಿಗೆ ಹಾಕಿಸೀನಿ?"

ಕೂಸಿಗೆ ಇಲ್ಲಿ ನಿದ್ದೆ ಹತ್ತಿತು ಎಂದಳು ಅವ್ವ. ಸ್ಲ್ಯಾಬು ಬೇಕೆಂದವಳು ನೀನೇ ಅಲ್ಲವೇ ಎಂದ ಅಪ್ಪ. ಒಂದು ಸಲ ಏನನ್ನೋ ಬೇಡಿದ ಹೆಂಗಸಿಗೆ ಅದು ಬೇಡ ಎನ್ನುವ ಹಕ್ಕು ಇರುವುದಿಲ್ಲ ನೋಡಿ. ಅಕ್ಕನನ್ನು ಮತ್ತೆ ಕೋಣೆಗೆ ಕಳಿಸಿದರು. ಕೊಟ್ಟಿಗೆಯ ಗಾಳಿ ತಾಗಿದೆಯೆಂದು ಅಜ್ಜಿ ಶೆಗಡಿಗೆ ಇನ್ನಷ್ಟು ಕೆಂಡ ಹಾಕಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಳು ನಿಂತಿತು. "ನೋಡು, ಈಗ ಸುಮ್ನಾತು. ಅಂತ್ರ ಹತ್ತೇತಿ" ಎಂದು ಅಜ್ಜಿ ಖುಷಿಪಟ್ಟಳು. ಅಕ್ಕನಿಗೆ ಖುಷಿಯಾಗಲಿಲ್ಲ. ಕೂಸಿನ ಬಾಯಿಗೆ ಎದೆ ಇಟ್ಟರೆ ಅದು ಹಿಡಿಯಲಿಲ್ಲ. ಮೈ ಕೆಂಡ, ನೆತ್ತಿ ಒಳಕ್ಕೆ ಇಳಿದಿತ್ತು. ಅವಳ ಕಿರುಚು ಕೇಳಿ ಅಪ್ಪನೇ ಓಡಿಬಂದ. ಅಕ್ಕಿಗಿರಣಿಯವರ ಜೀಪು ತಂದು, ಎಲ್ಲರೂ ಹತ್ತಿ, ಹೊಸಪೇಟೆಯ ಡಾಕ್ಟರ ಹತ್ತಿರ ಹೋದೆವು. ದಾರಿಯುದ್ದಕ್ಕೂ ಅಪ್ಪ ಜಲ್ದಿ ಜಲ್ದಿ ಎನ್ನುತ್ತಲೇ ಇದ್ದ. ಅವನಿಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇತ್ತು. ಇದ್ದೂ ಹೀಗೆ ಮಾಡಿದನಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಡಾಕ್ಟರು ವಯಸ್ಸಾದವರು. ಕೂಸನ್ನು ಮೇಜಿನ ಮೇಲೆ ಮಲಗಿಸಿ, ಕಣ್ಣುರೆಪ್ಪೆ ಎತ್ತಿ, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕೊಳವೆ ತೆಗೆದು ಕುತ್ತಿಗೆಗೆ ಹಾಕಿಕೊಂಡರು. ಮುಗಿದಿದೆ ಎಂದು ಅವ್ವನಿಗೆ ಅದರಲ್ಲೇ ತಿಳಿಯಿತು. ಕೂಸಿನ ಮೈಯಲ್ಲಿ ನೀರೇ ಇಲ್ಲ, ಕಾವಿಗೆ ಬತ್ತಿ ಹೋಗಿದೆ ಎಂದರು. ಮತ್ತೆ ಅಪ್ಪನ ಕಡೆ ತಿರುಗಿ ಕೇಳಿದರು.

"ಎಂಥಾ ಮನಿಯಾಗ ಇಟ್ಟಿದ್ರಿ ಇದನ್ನ?"

"ಹೊಸಾ ಸ್ಲ್ಯಾಬಿನ ಮನಿರೀ ಡಾಕ್ಟ್ರೆ" ಎಂದ ಅಪ್ಪ. "ಮಣ್ಣಿನ ಮಾಳಿಗಿ ಅಲ್ರಿ."

ತಾನು ಏನೂ ಕಡಿಮೆ ಮಾಡಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅದನ್ನು ಹೇಳಿದ. ಡಾಕ್ಟರು ಅವನ ಮುಖ ನೋಡಿದರು. ಕೈತೊಳೆಯಲು ಒಳಗೆ ಹೋದರು. ಅಕ್ಕ ಕೂಸನ್ನು ಎತ್ತಿಕೊಂಡು ಅದರ ಕುಂಚಿಗೆಯನ್ನು ಬಿಚ್ಚಿ ನೆಲಕ್ಕೆ ಹಾಕಿದಳು.

ಚೋರನೂರಿಗೆ ಆಳು ಕಳಿಸಿದರೂ ಸುದ್ದಿ ಮುಟ್ಟುವುದರೊಳಗೆ ಅವರು ಹೊರಟಿದ್ದರು. ತೊಟ್ಟಿಲಿಗೆಂದು ಹೊಸ ಬಟ್ಟೆ, ಗಿಲಕಿ, ಅಂಟಿನುಂಡೆ ಹೊತ್ತು ಅಂದು ಸಂಜೆಯೇ ಬಸ್ಸಿಳಿದರು. ಅತ್ತೆ ಮನೆಯೊಳಗೆ ಬಂದು ಸ್ಲ್ಯಾಬಿನ ಕೆಳಗೆ ಕೂತಳು. ಯಾರೋ ಕುರ್ಚಿ ತಂದಿಟ್ಟರು, ಅವಳು ನೆಲದಿಂದ ಏಳಲಿಲ್ಲ. ಹೆಣ್ಣಲ್ಲವೇ, ಹೋಗಲಿ ಬಿಡಿ ಎಂದು ನಮ್ಮೂರಿನ ಹಿರಿಯನೊಬ್ಬ ಸಮಾಧಾನ ಹೇಳಿದ. ಆ ಮುದುಕನ ಬಾಯಿಗೆ ಅಂದೇ ಮಣ್ಣು ಹಾಕಬೇಕಿತ್ತು.

ಆಮೇಲೆ ಕಾರಣ ಹುಡುಕುವ ಕೆಲಸ. ಸ್ಲ್ಯಾಬನ್ನು ಯಾರೂ ಅನ್ನಲಿಲ್ಲ. ಅನ್ನುವುದು ಹೇಗೆ, ಅರ್ಧ ಊರು ಅದನ್ನೇ ನೋಡಿ ಮಾಳಿಗೆ ಕೆಡವಿತ್ತಲ್ಲ. ಹಸಿಬಾಣಂತಿಯನ್ನು ಕೊಟ್ಟಿಗೆಗೆ ಒಯ್ದದ್ದೇ ತಪ್ಪಾಯಿತು, ಅಲ್ಲಿ ಗಾಳಿ ಬಡಿಯಿತು ಎಂದು ಅಜ್ಜಿ ತೀರ್ಪು ಕೊಟ್ಟಳು, ಊರು ಒಪ್ಪಿತು. ಆ ಕೂಸು ಹುಟ್ಟಿದ ಮೇಲೆ ಒಂದೇ ಒಂದು ಮಧ್ಯಾಹ್ನ ಸುಖವಾಗಿ ಮಲಗಿದ್ದು ಅಲ್ಲಿ. ಅದೇ ಅದರ ಸಾವಿಗೆ ಕಾರಣವೆಂದು ಅವ್ವನೂ ನಾನೂ ಎಷ್ಟೋ ವರ್ಷ ಮಾತು ಕೇಳಿದೆವು. ಶನಿ ತೊಲಗಲಿ ಎಂದು ಅಪ್ಪ ಮಳೆಗಾಲಕ್ಕೆ ಮುಂಚೆ ಆ ಅಂಕಣವನ್ನೂ ಕೆಡವಿಸಿದ. ಅದರ ಕರ್ಲನ್ನು ಗಾಡಿಯಲ್ಲಿ ಹೇರಿ ದೂರ ಸುರಿಸಿದ. ಎಮ್ಮೆಗಳಿಗೆ ಅದೇ ಜಾಗದಲ್ಲಿ ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸಿದ.

ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ. ಅವಳ ಗಂಡನ ಮನೆಗೆ ಸವತಿಯಾಗಿ ಇನ್ನೊಬ್ಬಳು ಬಂದಳು. ಅಕ್ಕ ತವರಿಗೆ ಬರುವುದನ್ನು ಬಿಟ್ಟಳು. ನನ್ನ ಮದುವೆ ಗೊತ್ತಾದಾಗ ಅವ್ವ ತಾನೇ ಚೋರನೂರಿಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಕರೆತಂದಳು. ಅದೂ ಬೇಸಿಗೆಯೇ. ಸ್ಲ್ಯಾಬಿನ ಮನೆಗೆ ನನ್ನನ್ನು ಕೊಡುತ್ತಿದ್ದರು, ಅದನ್ನೂ ಹೇಳಬೇಕಲ್ಲ.

ಮದುವೆಗೆ ಎರಡು ದಿನ ಇತ್ತು. ಮನೆ ತುಂಬ ನೆಂಟರು, ಚಹಾಕ್ಕೆ ಹಾಲು ಸಾಲದಾಯಿತು. ಎಮ್ಮೆಗಳು ಯಾಕೆ ಹಾಲು ಇಷ್ಟೊಂದು ಕಡಿಮೆ ಮಾಡಿವೆ ಎಂದು ಯಾರೋ ಕೇಳಿದರು. ಅಪ್ಪ ತಗಡಿನ ಕೆಳಗೆ ನಿಂತಿದ್ದ. ಮೇಲೆ ಭತ್ತದ ಹುಲ್ಲು ದಪ್ಪವಾಗಿ ಹೊದಿಸಿ, ಪಡುವಣ ಬಿಸಿಲಿಗೆ ಅಡ್ಡವಾಗಿ ಗೋಣಿತಾಟು ಕಟ್ಟಿ, ಬಕೆಟ್ಟಿನಿಂದ ನೀರು ಎರಚುತ್ತಿದ್ದ. ಎಮ್ಮೆಯ ಬೆನ್ನ ಮೇಲೂ ಒಂದೆರಡು ಚೊಂಬು ಸುರಿದ. ಅದರ ಹಣೆ ಸವರುತ್ತ ಕೇಳಿದವರಿಗೆ ಹೇಳಿದ:

"ತಗಡಿನ ಶೆಕಿಗೆ ಹಾಲು ಬತ್ತ್ಯಾವ್ರಿ. ಭಾಳ ಒದ್ದಾಡ್ತಾವ. ಮೂಕ ಪ್ರಾಣಿ, ಬಾಯಿಬಿಟ್ಟು ಹೇಳ್ತಾವೇನು, ನಾವೇ ತಿಳ್ಕೋಬೇಕು."

ಅಕ್ಕ ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಮೊರದ ಅಕ್ಕಿಯಲ್ಲಿ ಬೆರಳಾಡಿಸುತ್ತಲೇ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಅಂದಳು:

"ಎಮ್ಮಿ ಹೇಳಲ್ಲ, ಖರೇ ಐತಿ. ನನ್ನ ಕೂಸು ಬಾಯಿಬಿಟ್ಟೇ ಹೇಳಿತ್ತಲ್ಲಪ್ಪಾ."

ನೆಂಟರು ಒಬ್ಬೊಬ್ಬರಾಗಿ ಒಳಗೆ ಸರಿದರು. ಅಪ್ಪ ಉಳಿದ ನೀರನ್ನು ಎಮ್ಮೆಯ ಬೆನ್ನಿಗೆ ಸುರಿದು, ಇನ್ನೊಂದು ಬಕೆಟ್ಟು ತುಂಬಿಕೊಳ್ಳಲು ಹೋದ.